ರೈಲಿನಲ್ಲಿ ನೀನು ಸಿಕ್ಕಿದೆ

ಪ್ರೀತಿಯ ಗೆಳೆಯಾ,

ಈಗಷ್ಟೇ ಮನೆ ತಲುಪಿದೆ. ಬ್ಯಾಗ್ ಕೂಡ ಬಿಚ್ಚಿಲ್ಲ, ಬರೆಯಲು ಕೂತಿದ್ದೇನೆ.

ಬಸ್ಸಿನಲ್ಲಿ ನನಗೆ ಓದೋಕಾಗಲ್ಲ, ನಿನಗೆ ಗೊತ್ತಲ್ಲ. ಕಣ್ಣಿಗೆ ಪುಟ ಅಲುಗದೆ ಕಾಣುತ್ತದೆ, ಒಳಗಿವಿಗೆ ಮಾತ್ರ ಪ್ರತಿ ತಿರುವೂ ತಿಳಿಯುತ್ತದೆ. ಎರಡಕ್ಕೂ ತಾಳೆಯಾಗದೆ ತಲೆ ಸುತ್ತುತ್ತದೆ. ರೈಲಿನಲ್ಲಿ ಆ ಕಾಟ ಕಡಿಮೆ. ನಿನ್ನೆ ರಾತ್ರಿ ಎದುರು ಸೀಟಿನವರು ಒಂದು ಹಳೇ ಮಾಸಪತ್ರಿಕೆ ಬಿಟ್ಟು ಇಳಿದರು. ರಟ್ಟು ಕಿತ್ತುಹೋಗಿತ್ತು. ಸುಮ್ನೆ ನಡುವೆ ಎಲ್ಲೋ ತೆರೆದೆ.

ಯಾರೋ ಅಪ್ಪನ ಕೈಗಡಿಯಾರದ ಬಗ್ಗೆ ಬರೆದಿದ್ದರು. ಕೀ ಕೊಡುವ ವಾಚು. ಒಮ್ಮೆ ಪೂರ್ತಿ ಕೀ ಕೊಟ್ಟರೆ ಸುಮಾರು ಒಂದೂವರೆ ದಿನ ಓಡುತ್ತದೆ. ಆದರೂ ಅಪ್ಪ ಆಸ್ಪತ್ರೆಯಲ್ಲಿದ್ದ 11 ದಿನವೂ ಮಗ ರಾತ್ರಿ ತಪ್ಪದೆ ಕೀ ಕೊಡುತ್ತಾನೆ. ಅಪ್ಪ ಕಣ್ಣು ಬಿಟ್ಟು ಟೈಮ್ ಎಷ್ಟು ಅಂತ ಕೇಳಿದರೆ ತಪ್ಪು ಹೇಳಬಾರದಲ್ಲ, ಅದಕ್ಕೆ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಆಮೇಲೆ ವಾಚಿನ ಗಾಜಿನ ಮಾತು ಬಂತು. ಆರರ ಹತ್ತಿರ ಕೂದಲೆಳೆಯಂಥ ಬಿರುಕು. ಅರೆ, ಆ ಬಿರುಕನ್ನು ನಾನು ನೋಡಿದ್ದೇನಲ್ಲ! ಗಡಿಬಿಡಿಯಲ್ಲಿ ಹಿಂದಿನ ಪುಟ ತಿರುವಿದೆ. ತಲೆಬರಹದ ಕೆಳಗೆ ನಿನ್ನ ಹೆಸರು.

ಆ ದಿನಗಳಲ್ಲಿ ನಾಲ್ಕು ಸಲ ನಾನು ಬಂದಿದ್ದೆ ಕಣೋ. ಹೊರಗಿನ ಬೆಂಚಿನಲ್ಲಿ ನಿನ್ನ ಪಕ್ಕದಲ್ಲೇ ಕೂತಿದ್ದೆ. ನಿನ್ನ ಬಲಗೈ ಯಾವಾಗಲೂ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು. ಚಳಿಗೆ ಅಂದುಕೊಂಡೆ. ಡಾಕ್ಟರು ಏನಂದರು, ರಿಪೋರ್ಟ್ ಬಂತಾ, ದುಡ್ಡು ಬೇಕಾ, ಎಲ್ಲ ಕೇಳಿದೆ. ನೀನು ಹೇಗಿದ್ದೀಯ ಅಂತ ಕೇಳಲಿಲ್ಲ. ನಿನಗೆ ಮಾತು ಕಡಿಮೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದವನೂ ನಾನೇ. ಅದಕ್ಕೇ ಜಾಸ್ತಿ ಸಂಕಟವಾಯಿತು.

ಹನ್ನೆರಡನೇ ದಿನದ ಬಗ್ಗೆ ನೀನು ಒಂದು ಸಾಲೂ ಬರೆದಿಲ್ಲ. ಬರೆಯದಿದ್ದದ್ದೇ ಸರಿ. ಬಿಟ್ಟ ಆ ಜಾಗ ನೋಡಿಯೇ ನನ್ನ ಕಣ್ಣು ತುಂಬಿದ್ದು. ಇಷ್ಟು ಚೆನ್ನಾಗಿ ಬರೆಯುತ್ತೀಯ, ಒಂದು ಮಾತು ಹೇಳಬಾರದಿತ್ತಾ?

ಮೇಲಿನ ಬರ್ತಿನ ಅಜ್ಜ ಓದೋಕೆ ಕೇಳಿದರು. ‘ನನ್ನ ಗೆಳೆಯ ಬರೆದದ್ದು’ ಅಂತ ಹೇಳಿಯೇ ಕೊಟ್ಟೆ. ನಿಧಾನಕ್ಕೆ ಓದಿ, ಪತ್ರಿಕೆ ಮಡಚಿ, ‘ಆ ವಾಚು ಈಗಲೂ ಓಡ್ತಿದೆಯಾ?’ ಅಂದರು. ನನಗೆ ಗೊತ್ತಿರಲಿಲ್ಲ.

ಭಾನುವಾರ ಬರುತ್ತೇನೆ. ವಾಚು ತೋರಿಸು.

ನಿನ್ನ,
ಗೆಳೆಯ