ಪದ್ಮಾಸನ ಬಾರದವರೂ ಧ್ಯಾನಕ್ಕೆ ಕೂರಬಹುದು

ಮಾನ್ಯ ಸಂಪಾದಕರೇ,

ಅಂತರರಾಷ್ಟ್ರೀಯ ಯೋಗ ದಿನವಾದ ಜೂನ್ 21 ಹತ್ತಿರವಾದಂತೆ ಪತ್ರಿಕೆಗಳಲ್ಲಿ ಧ್ಯಾನದ ಬರಹಗಳು ಹೆಚ್ಚುತ್ತವೆ. ಜೊತೆಗಿನ ಚಿತ್ರ ಮಾತ್ರ ಬದಲಾಗುವುದಿಲ್ಲ: ಪದ್ಮಾಸನ, ಹೆಬ್ಬೆರಳಿಗೆ ತೋರುಬೆರಳು ತಾಗಿಸಿದ ಚಿನ್ಮುದ್ರೆ, ಮುಚ್ಚಿದ ಕಣ್ಣು. ಅದನ್ನು ನೋಡಿ ಮಂಡಿನೋವಿನ ಹಿರಿಯರು ‘ಇದು ನಮ್ಮ ಕೈಲಾಗದು’ ಎಂದು ಕೈಬಿಡುತ್ತಾರೆ. ಹುರುಪಿನ ಹುಡುಗರು ಮೊದಲ ದಿನವೇ ಪಾದವನ್ನು ಎಳೆದು ತೊಡೆಯ ಮೇಲೆ ಹೇರಿಕೊಳ್ಳುತ್ತಾರೆ.

‘ಆಸನ’ ಎಂದರೆ ಮೂಲದಲ್ಲಿ ಕೂರುವುದು, ಕೂರುವ ಜಾಗ. ಬಸ್ಸಿನಲ್ಲಿ ‘ಮಹಿಳೆಯರಿಗೆ ಮೀಸಲಾದ ಆಸನ’ ಎಂದು ಬರೆದಿರುವುದೂ ಇದೇ ಅರ್ಥದಲ್ಲಿ. ಗೀತೆಯ ಆರನೇ ಅಧ್ಯಾಯದ ಆಸನವೂ ದರ್ಭೆ, ಜಿಂಕೆಚರ್ಮ, ಬಟ್ಟೆ ಹಾಸಿದ, ತೀರಾ ಎತ್ತರವೂ ತಗ್ಗೂ ಅಲ್ಲದ ಜಾಗವೇ. ಮೈ, ತಲೆ, ಕುತ್ತಿಗೆ ನೆಟ್ಟಗಿರಬೇಕು, ಅಲುಗಬಾರದು ಎಂದು ಅಲ್ಲಿದೆ. ಕಾಲು ಹೀಗೇ ಮಡಚಬೇಕೆಂದಿಲ್ಲ. ಯೋಗಸೂತ್ರ ಬರೆದ ಪತಂಜಲಿಯದು ಇನ್ನೂ ಚುಟುಕು: ‘ಸ್ಥಿರಸುಖಮಾಸನಮ್’, ಅಲುಗದೆ ಸುಖವಾಗಿ ಕೂರುವುದೇ ಆಸನ. ಆ ಸೂತ್ರಗಳ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಕೊಡುವ ಆಸನಗಳ ಪಟ್ಟಿಯಲ್ಲಿ ಪದ್ಮಾಸನದ ಜೊತೆಗೆ ‘ಸೋಪಾಶ್ರಯ’ವೂ ಇದೆ, ಅಂದರೆ ಆಸರೆ ಪಡೆದು ಕೂರುವುದು. ಯೋಗನರಸಿಂಹನ ವಿಗ್ರಹಗಳಲ್ಲಿ ಮಂಡಿಗಳನ್ನು ಬಿಗಿದು ಹಿಡಿದ ಪಟ್ಟಿ ಕಾಣುತ್ತದಲ್ಲ, ಅಂಥ ಆಸರೆ. ನರಸಿಂಹನಿಗೇ ಪಟ್ಟಿ ಬೇಕಾದರೆ ನಮಗೊಂದು ದಿಂಬು ಇದ್ದರೆ ನಾಚಿಕೆಯೇನು?

ಹಾಗೆಂದು ಹೇಗಾದರೂ ಬಿದ್ದುಕೊಂಡು ಧ್ಯಾನ ಮಾಡಿ ಎನ್ನುವವರ ಮಾತನ್ನೂ ಒಪ್ಪಲಾಗದು. ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರ ‘ಆಸೀನಃ ಸಂಭವಾತ್’ ಎನ್ನುತ್ತದೆ, ಅಂದರೆ ಕೂತೇ ಮಾಡಬೇಕು, ಧ್ಯಾನ ಸಾಧ್ಯವಾಗುವುದು ಆಗಲೇ. ಶಂಕರರು ಕೊಡುವ ಕಾರಣ ತೀರಾ ವ್ಯಾವಹಾರಿಕ: ನಡೆದರೆ ಚಿತ್ತ ಚದುರುತ್ತದೆ, ನಿಂತರೆ ಮೈಯನ್ನು ಹಿಡಿದು ನಿಲ್ಲಿಸುವುದರಲ್ಲೇ ಮನಸ್ಸು ತೊಡಗುತ್ತದೆ, ಮಲಗಿದರೆ ನಿದ್ದೆ ಬರುತ್ತದೆ. ಬೌದ್ಧರು ನಡೆಯುವಾಗ, ನಿಂತಾಗ, ಮಲಗಿದಾಗಲೂ ಅಭ್ಯಾಸ ಹೇಳುತ್ತಾರೆ, ಆದರೆ ಎಚ್ಚರ ತಪ್ಪದಿರಬೇಕು. ನಮ್ಮ ವೀರಶೈವ-ಲಿಂಗಾಯತರ ಶಿವಯೋಗದಲ್ಲಿ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕಣ್ಣು ತೆರೆದೇ ದೃಷ್ಟಿ ನೆಡುತ್ತಾರೆ. ಕಣ್ಣು ಮುಚ್ಚಲೇಬೇಕೆಂಬ ಕಟ್ಟಳೆಯೂ ಹೀಗೆ ಸಡಿಲವಾಗುತ್ತದೆ.

ನೆಲದ ಮೇಲೆ ಕೂರುವವರು ಮಾಡುವ ದೊಡ್ಡ ತಪ್ಪು ಸಪಾಟು ಚಾಪೆಯ ಮೇಲೆ ಕೂರುವುದು. ಆಗ ಸೊಂಟ ಹಿಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ, ಹತ್ತು ನಿಮಿಷಕ್ಕೆ ನೋವು ಶುರು. ಕಂಬಳಿಯನ್ನು 4ರಿಂದ 6 ಅಂಗುಲ ದಪ್ಪಕ್ಕೆ ಮಡಚಿ ಪೃಷ್ಠದ ಕೆಳಗೆ ಮಾತ್ರ ಇಡಿ, ತೊಡೆಯ ಕೆಳಗೆ ಬೇಡ. ಮಂಡಿ ಸೊಂಟಕ್ಕಿಂತ ಕೆಳಗಿರಬೇಕು. ನೆಲಕ್ಕೆ ತಾಗದಿದ್ದರೆ ಅಲ್ಲೊಂದು ದಿಂಬು. ಪದ್ಮಾಸನಕ್ಕೆ ಕಾಲು ತಿರುಗಬೇಕಾದದ್ದು ತೊಡೆಯ ಕೀಲಿನಲ್ಲಿ. ಅಲ್ಲಿ ಬಿಗಿಯಿದ್ದರೆ ಆ ತಿರುಚು ಮಂಡಿಗೆ ಬೀಳುತ್ತದೆ. ಮಂಡಿಯ ಒಳಬದಿ ನೋಯಿತೆಂದರೆ ತಕ್ಷಣ ಕಾಲು ಬಿಡಿಸಿ. ಜೋಮು ಹಿಡಿದಿದ್ದರೆ ಅದು ಪೂರ್ತಿ ಇಳಿಯುವವರೆಗೆ ಏಳಬೇಡಿ, ಕಾಲು ಮಡಚಿಕೊಂಡು ಬೀಳುತ್ತೀರಿ.

ಕುರ್ಚಿಯಾದರೆ ಕೈಕಾಲು ಚಾಚುವ ಸೋಫಾ ಬೇಡ, ಊಟದ ಮೇಜಿನ ಕುರ್ಚಿ ಸಾಕು. ಪಾದ ಪೂರ್ತಿ ನೆಲಕ್ಕಿರಲಿ, ಎಟುಕದಿದ್ದರೆ ಮಣೆ ಇಡಿ. ಬೆನ್ನು ಒರಗದೆ ಕೂರುವುದು ಒಳ್ಳೆಯದು. ಆಗದವರು ಸೊಂಟದ ಹಿಂದೆ ಸಣ್ಣ ದಿಂಬು ಇಟ್ಟುಕೊಳ್ಳಲಿ. ಹಾಸಿಗೆ ಹಿಡಿದವರು ಮಲಗಿಯೇ ಮಾಡಲಿ. ಅವರಿಗೊಂದು ಹಳೆಯ ಉಪಾಯ: ಮೊಣಕೈ ಹಾಸಿಗೆಗೆ ಊರಿ ಮುಂಗೈಯನ್ನು ನೇರ ಮೇಲೆತ್ತಿ ಹಿಡಿಯುವುದು. ತೂಕಡಿಸಿದರೆ ಕೈ ಬಿದ್ದು ಎಚ್ಚರವಾಗುತ್ತದೆ.

ಉಸಿರಿನ ವಿಷಯದಲ್ಲಂತೂ ಗೊಂದಲ ಜಾಸ್ತಿ. ಪ್ರಾಣಾಯಾಮವೆಂದರೆ ಉಸಿರನ್ನು ಬದಲಿಸುವುದು; ಆನಾಪಾನವೆಂದರೆ ಇರುವ ಉಸಿರನ್ನು ಇದ್ದಂತೆ ಗಮನಿಸುವುದು. ಪತಂಜಲಿ ಯೋಗಸೂತ್ರದ ಮೊದಲ ಪಾದದಲ್ಲಿ (ಅಧ್ಯಾಯದಲ್ಲಿ) ಮನಸ್ಸನ್ನು ತಿಳಿಗೊಳಿಸಲು ಉಸಿರಿನ ಉಪಾಯ ಹೇಳುವಾಗ ‘ವಾ’ ಎಂಬ ಅಕ್ಷರ ಸೇರಿಸಿದ್ದಾರೆ, ಅಂದರೆ ‘ಅಥವಾ’. ಹಲವು ದಾರಿಗಳಲ್ಲಿ ಅದೊಂದು. ಆ ಸರಣಿಯ ಕೊನೆಯದು ‘ಯಥಾಭಿಮತಧ್ಯಾನಾದ್ವಾ’, ಇಷ್ಟವಾದದ್ದನ್ನು ಧ್ಯಾನಿಸಿಯಾದರೂ ಸರಿ ಎಂದು. ಪ್ರಾಣಾಯಾಮದಿಂದ ಮನಸ್ಸು ಧಾರಣೆಗೆ, ಅಂದರೆ ಒಂದೆಡೆ ನಿಲ್ಲುವುದಕ್ಕೆ, ಯೋಗ್ಯವಾಗುತ್ತದೆಂದೂ ಅವರೇ ಎರಡನೇ ಪಾದದಲ್ಲಿ ಹೇಳಿದ್ದಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಪುಸ್ತಕ ನೋಡಿ ಜೋರಾಗಿ ಉಸಿರೆಳೆದುಕೊಂಡರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಸುತ್ತುತ್ತದೆ, ಬೆರಳು, ತುಟಿ ಜುಮುಗುಡುತ್ತವೆ. ಇದನ್ನೇ ‘ಕುಂಡಲಿನಿ ಏಳುತ್ತಿದೆ’ ಎಂದುಕೊಳ್ಳುವವರೂ ಇದ್ದಾರೆ! ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಗ್ಲಾಕೋಮಾ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ಉಸಿರನ್ನು ರಭಸದಿಂದ ಹೊರದಬ್ಬುವ ಕಪಾಲಭಾತಿ, ಉಸಿರು ಹಿಡಿದಿಡುವ ಕುಂಭಕಗಳಿಗೆ ಕೈಹಾಕಬಾರದು. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಉಸಿರನ್ನೂ ಮೆಲ್ಲಮೆಲ್ಲನೆ ಪಳಗಿಸಬೇಕೆಂದು ಹಠಯೋಗದ ಹಳೆಯ ಗ್ರಂಥ ಹಠಯೋಗಪ್ರದೀಪಿಕೆಯೇ ಎಚ್ಚರಿಸುತ್ತದೆ.

ಹೊಸಬರಿಗೆ ದಿನಕ್ಕೆ 10 ನಿಮಿಷ ಸಾಕು, ಊಟವಾಗಿ ಎರಡು ಗಂಟೆಯಾದ ಮೇಲೆ. ಮೊಬೈಲಿನಲ್ಲಿ ಅಲಾರಂ ಇಟ್ಟರೆ ಗಡಿಯಾರ ನೋಡುವ ಚಡಪಡಿಕೆ ತಪ್ಪುತ್ತದೆ. ಮೊದಲ ಮೂರು ಉಸಿರನ್ನು ಸ್ವಲ್ಪ ನಿಧಾನವಾಗಿ ಬಿಟ್ಟು, ಆಮೇಲೆ ಅದರ ಪಾಡಿಗೆ ಬಿಡಿ. ಹೊರಹೋಗುವ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಿ, ತಪ್ಪಿದರೆ ಮತ್ತೆ ಒಂದರಿಂದ. ಉಸಿರನ್ನು ಗಮನಿಸಿದಷ್ಟೂ ಉಸಿರುಕಟ್ಟಿದಂತಾಗುವವರು, ಮುಖ್ಯವಾಗಿ ಆಸ್ತಮಾ ಅಥವಾ ಗಾಬರಿಯ ತೊಂದರೆ ಇರುವವರು, ಅದನ್ನು ಬಿಟ್ಟು ಅಂಗಾಲಿನ ಸ್ಪರ್ಶವನ್ನೋ ಜಪವನ್ನೋ ಹಿಡಿಯಲಿ. ತೂಕಡಿಕೆ ಬಂದರೆ ಕಣ್ಣು ಅರ್ಧ ತೆರೆದು ಮೂರು ಅಡಿ ದೂರದ ನೆಲ ನೋಡಿ.

ಮುಂದಿನ ಜೂನ್ 21ರಂದು ಪದ್ಮಾಸನದ ಚಿತ್ರದ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತ ಅಜ್ಜಿಯ ಚಿತ್ರವನ್ನೂ ತಾವು ಪ್ರಕಟಿಸಬೇಕೆಂದು ಕೋರಿಕೆ.

– ಯೋಗ ಶಿಕ್ಷಕ, ಮೈಸೂರು