ಟ್ಯಾಂಕಿಗೆ ಎಣ್ಣೆ ತಂದವರು ಯಾರು?

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದ ಉತ್ತರ ಆಫ್ರಿಕಾ ಕಾಳಗದ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಪೂರ್ತಿ ಜರ್ಮನ್ ಸೇನಾಪತಿ ರೊಮ್ಮೆಲ್, ಬ್ರಿಟಿಷ್ ಸೇನಾಪತಿ ಮಾಂಟ್‌ಗೊಮರಿ ಮಾತೇ ಆಯಿತು. ಅವರ ಟ್ಯಾಂಕುಗಳಿಗೆ ಎಣ್ಣೆ ಸಮುದ್ರ ದಾಟಿಯೇ ಬರಬೇಕಿತ್ತು ಅಲ್ವಾ?

ಜರ್ಮನ್, ಇಟಾಲಿಯನ್ ಸೇನೆಗೆ ಸರಕು ಇಟಲಿಯಿಂದ ಮೆಡಿಟರೇನಿಯನ್ ದಾಟಿ ಲಿಬಿಯಾಕ್ಕೆ ಬರುತ್ತಿತ್ತು. ದಾರಿ ಚಿಕ್ಕದು. ಆದರೆ ನಡುವೆ ಬ್ರಿಟಿಷರ ಕೈಲಿದ್ದ ಮಾಲ್ಟಾ ದ್ವೀಪ. ಅಲ್ಲಿಂದ ಹೊರಟ ವಿಮಾನ, ಸಬ್‌ಮರೀನ್‌ಗಳು ಆ ಹಡಗುಗಳನ್ನು ಮುಳುಗಿಸುತ್ತಿದ್ದವು. ಬ್ರಿಟಿಷರ ಪಾಡೂ ಸುಲಭವಿರಲಿಲ್ಲ. ಈಜಿಪ್ಟಿಗೆ ಸರಕು ಕಳಿಸಲು ಹೆಚ್ಚಾಗಿ ಇಡೀ ಆಫ್ರಿಕಾವನ್ನೇ ಸುತ್ತಬೇಕಿತ್ತು.

1942ರ ಆಗಸ್ಟ್ ಹೊತ್ತಿಗೆ ಮಾಲ್ಟಾದಲ್ಲಿ ಊಟಕ್ಕೂ ಇಂಧನಕ್ಕೂ ತತ್ವಾರ. ಆಗ ಅಲ್ಲಿಗೆ ಸರಕು ಮುಟ್ಟಿಸಲು ಬ್ರಿಟಿಷರು ನಡೆಸಿದ ‘ಪೆಡೆಸ್ಟಲ್’ ಕಾರ್ಯಾಚರಣೆಯ 14 ಸರಕು ಹಡಗುಗಳಲ್ಲಿ ತಲುಪಿದ್ದು 5 ಮಾತ್ರ. ಅದರಲ್ಲಿ ‘ಒಹಾಯೊ’ ಎಣ್ಣೆ ಹಡಗಿನ ಕತೆ ನಂಬುವುದೇ ಕಷ್ಟ. ಟಾರ್ಪೆಡೊ ಬಡಿಯಿತು, ಬಾಂಬು ಬಿತ್ತು, ಹೊಡೆದುರುಳಿಸಿದ ವಿಮಾನವೂ ಅದರ ಮೇಲೆಯೇ ಬಿತ್ತು. ಎಂಜಿನ್ ಸತ್ತಿದ್ದ ಹಡಗನ್ನು ಎರಡು ಯುದ್ಧನೌಕೆಗಳ ನಡುವೆ ಕಟ್ಟಿಕೊಂಡು ಆಗಸ್ಟ್ 15ರಂದು ಬಂದರಿಗೆ ತಂದರು. ಅಂದು ಯೇಸುವಿನ ತಾಯಿ ಮರಿಯಳ ಹಬ್ಬ, ಸಾಂತಾ ಮರಿಯಾ. ಮಾಲ್ಟಾದವರು ಆ ಹಡಗುಗಳ ಸಾಲನ್ನು ಈಗಲೂ ಅದೇ ಹೆಸರಿನಿಂದ ನೆನೆಯುತ್ತಾರೆ.

ಈ ಸರಕು ಹಡಗುಗಳಲ್ಲಿ ದುಡಿದವರು ಸೈನಿಕರಲ್ಲ, ಸಂಬಳಕ್ಕೆ ದುಡಿಯುವ ನಾವಿಕರು. ಯುದ್ಧದ ಮೊದಲ ವರ್ಷಗಳಲ್ಲಂತೂ ಹಡಗು ಮುಳುಗಿದ ದಿನವೇ ಅನೇಕರ ಸಂಬಳವೂ ನಿಲ್ಲುತ್ತಿತ್ತು! ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಸಾವಿರಾರು ಭಾರತೀಯರೂ ತೀರಾ ಕಡಿಮೆ ಕೂಲಿಗೆ ದುಡಿದರು. ಮುಂದಿನ ಲೇಖನ ಅವರ ಬಗ್ಗೆ ಬರಲಿ.

— ಒಬ್ಬ ಓದುಗ, ಧಾರವಾಡ