ಬರ ಪರಿಹಾರ ಪಹಣಿಗೋ, ಬಿತ್ತಿದವರಿಗೋ? ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರೇ,

ಸವಿನಯ ನಮಸ್ಕಾರ.

2023ರ ಬರದ ಲೆಕ್ಕ ನಿಮಗೆ ಬಾಯಿಪಾಠವಾಗಿರುತ್ತದೆ. 236 ತಾಲ್ಲೂಕುಗಳ ಪೈಕಿ 223 ಬರಪೀಡಿತ. ಕೇಂದ್ರಕ್ಕೆ 18,171 ಕೋಟಿ ರೂಪಾಯಿ ಕೇಳಿ, ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿ, 2024ರ ಏಪ್ರಿಲ್‌ನಲ್ಲಿ 3,454 ಕೋಟಿ ತಂದಿರಿ. ಬಂದದ್ದು ಕಡಿಮೆಯಾಯಿತು ಎಂಬ ತಕರಾರಿನಲ್ಲಿ ನಾನೂ ನಿಮ್ಮ ಕಡೆಯವನೇ. ಆದರೆ ಬಂದಷ್ಟು ಯಾರ ಕೈ ಸೇರಿತು ಎಂಬುದನ್ನು ದಿಲ್ಲಿಗೆ ಕೇಳಿ ಪ್ರಯೋಜನವಿಲ್ಲ, ನಿಮಗೇ ಕೇಳಬೇಕು.

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ನನ್ನ ಹೆಸರಿಗೆ ಹೊಲವಿದೆ. ನಾನಿರುವುದು ಹುಬ್ಬಳ್ಳಿಯಲ್ಲಿ. ಊರಿನವರೊಬ್ಬರು ಅದನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಾರೆ. ಆ ಮುಂಗಾರಿಗೆ ಹೆಸರುಕಾಳು ಬಿತ್ತಿದ್ದರು. ಬೀಜ, ಗೊಬ್ಬರ, ಕೀಟಕ್ಕೆ ಹೊಡೆಯುವ ಎಣ್ಣೆ, ಕಳೆಗೆ ಎಡೆ ಹೊಡೆಸಿದ ಬಾಡಿಗೆ, ಎಲ್ಲವೂ ಅವರ ತಲೆಯ ಮೇಲಿನ ಸಾಲ. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತು. ಪರಿಹಾರ ಬಂದದ್ದು ಮಾತ್ರ ನನ್ನ ಖಾತೆಗೆ. ಸರ್ಕಾರದ ರೈತ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ನನ್ನ ಪಹಣಿ ಸೇರಿದೆ, ಆಧಾರ್ ಜೋಡಣೆಯಾಗಿದೆ, ಅಷ್ಟು ಸಾಕಾಯಿತು. ದಲ್ಲಾಳಿಗಳಿಲ್ಲದೆ ಹಣ ನೇರ ಖಾತೆಗೆ ಬೀಳುವುದು ಒಳ್ಳೆಯ ವ್ಯವಸ್ಥೆಯೇ. ಬಿದ್ದ ಖಾತೆ ಬೇರೆಯವನದಾಗಿತ್ತು, ಅಷ್ಟೇ.

ವಿಪತ್ತು ಪರಿಹಾರದ ನಿಯಮದಂತೆ ಖುಷ್ಕಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000. ಅದೂ ಎರಡು ಹೆಕ್ಟೇರ್‌ವರೆಗೆ. ಅಂದರೆ ನಮ್ಮ ಎರೆಹೊಲಕ್ಕೆ ಎಕರೆಗೆ ಮೂರೂವರೆ ಸಾವಿರವೂ ಆಗದು. ಬೀಜ ಗೊಬ್ಬರಕ್ಕೆ ಸುರಿದದ್ದರಲ್ಲಿ ಒಂದಿಷ್ಟನ್ನಾದರೂ ತುಂಬಿಕೊಡಲೆಂದೇ ಈ ಹಣ. ಸುರಿದವರ ಹೆಸರು ಪಟ್ಟಿಯಲ್ಲೇ ಇಲ್ಲ! ಕೆಲವು ಮಾಲೀಕರು ಕರೆದು ಕೊಡುತ್ತಾರೆ, ಕೆಲವರು ಲಾವಣಿ ಬಾಕಿಗೆ ಮುರಿದುಕೊಳ್ಳುತ್ತಾರೆ, ಹಲವರು ಮಾತೇ ಎತ್ತುವುದಿಲ್ಲ. ಲಾವಣಿದಾರರೂ ಕೇಳುವುದಿಲ್ಲ, ಕೇಳಿದರೆ ಬರುವ ವರ್ಷ ಹೊಲ ಇನ್ನೊಬ್ಬರ ಪಾಲು. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯದೂ ಇದೇ ಕಥೆ.

ಪಹಣಿಯ 12ನೇ ಕಾಲಂ ಸಾಗುವಳಿದಾರರ ಹೆಸರಿಗೆಂದೇ ಇರುವುದು ನಿಮಗೆ ಗೊತ್ತು. ನನ್ನ ಪಹಣಿಯಲ್ಲಿ ಅಲ್ಲೂ ನಾನೇ ಇದ್ದೇನೆ, ಸಾಗುವಳಿ ‘ಸ್ವಂತ’. ನೇಗಿಲು ಮುಟ್ಟಿ ನನಗೆಷ್ಟು ಕಾಲವಾಯಿತೋ! ಪ್ರತಿ ಹಂಗಾಮಿಗೆ ಬೆಳೆ ಸಮೀಕ್ಷೆಯವರು ಮೊಬೈಲ್ ಹಿಡಿದು ಹೊಲಕ್ಕೇ ಬಂದು ಬೆಳೆಯ ಫೋಟೊ ತೆಗೆಯುತ್ತಾರೆ. ಬೆಳೆದವರು ಬದುವಿನ ಮೇಲೆ ನಿಂತಿದ್ದರೂ ಅವರ ಹೆಸರು ಲೆಕ್ಕಕ್ಕಿಲ್ಲ.

ಅಡ್ಡಿ ಎಲ್ಲಿದೆ ಎಂಬುದೂ ಗುಟ್ಟೇನಲ್ಲ. 1974ರ ಭೂಸುಧಾರಣೆಯ ನಂತರ ನಮ್ಮಲ್ಲಿ ಗೇಣಿ, ಲಾವಣಿ ಕಾನೂನಿನ ಕಣ್ಣಿಗೆ ನಿಷಿದ್ಧ. ಗೇಣಿದಾರರಿಗೆ ಭೂಮಿ ಕೊಡಿಸಿದ ಆ ಕಾಯ್ದೆಯ ಬಗ್ಗೆ ನನಗೆ ಗೌರವವಿದೆ. ಆದರೆ ಇವತ್ತು ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ, ಕಾಗದ ಮಾಡಿದರೆ ಹೊಲ ಹೋದೀತೆಂಬ ಅಂಜಿಕೆ ಮಾಲೀಕರಿಗೆ. ಆ ಅಂಜಿಕೆ ನನಗೂ ಇದೆ. ನೆರೆಯ ಆಂಧ್ರ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾನೂನು ಮಾಡಿತು: ಮಾಲೀಕರ ಒಪ್ಪಿಗೆಯಿಂದ ಹನ್ನೊಂದು ತಿಂಗಳ ಕಾಗದ, ಹಕ್ಕು ಬೆಳೆಯ ಮೇಲೆ ಮಾತ್ರ, ಭೂಮಿಯ ಮೇಲಲ್ಲ. ಅಲ್ಲಿಯೂ ಮಾಲೀಕರು ಸಹಿಗೆ ಹಿಂಜರಿಯುತ್ತಾರೆ, ನಿಜ. ಆದರೂ ಕೇಳಲು ಒಂದು ದಾರಿಯಾದರೂ ಇದೆ. ಕೃಷಿಕರಲ್ಲದವರೂ ಹೊಲ ಕೊಳ್ಳಲೆಂದು 2020ರಲ್ಲಿ ಇದೇ ಭೂಸುಧಾರಣಾ ಕಾಯ್ದೆಯನ್ನು ತಿದ್ದಲು ಸಾಧ್ಯವಾಗಿತ್ತಲ್ಲ? ಬಿತ್ತುವವರಿಗಾಗಿ ಇನ್ನೊಂದು ತಿದ್ದುಪಡಿ ಯಾಕಾಗದು?

ಕಾಯ್ದೆ ತಡವಾಗುವುದಾದರೆ ಮೊದಲು ಬೆಳೆ ಸಮೀಕ್ಷೆಯಲ್ಲಿ ಸಾಗುವಳಿದಾರರ ಹೆಸರು, ಮೊಬೈಲ್ ಸಂಖ್ಯೆ ಬರೆಸಿ. ಆ ದಾಖಲೆ ಪರಿಹಾರಕ್ಕೆ ಮತ್ತು ಬೆಳೆ ವಿಮೆಗೆ ಮಾತ್ರ, ಭೂಮಿಯ ಹಕ್ಕಿಗೆ ಸಾಕ್ಷ್ಯವಲ್ಲ ಎಂದು ಕಾನೂನಿನಲ್ಲೇ ನಿಲ್ಲುವಂತೆ ಮಾಡಿ. ನಮ್ಮ ಕಡೆ ಲಾವಣಿ ಮಾತುಕತೆ ಯುಗಾದಿಗೆ ಮುಗಿಯುತ್ತದೆ. ಅದಕ್ಕೂ ಮುಂಚೆ ಆದೇಶ ಹೊರಟರೆ ಮೊದಲ ಒಪ್ಪಿಗೆ ಪತ್ರಕ್ಕೆ ನಾನೇ ಸಹಿ ಹಾಕುತ್ತೇನೆ.

ಇತಿ ತಮ್ಮ ವಿಶ್ವಾಸಿ,
ರೋಣ ತಾಲ್ಲೂಕಿನ ಒಬ್ಬ ಪಹಣಿದಾರ